ಕಿಟಕಿ ಕೋಣೆಗೆ ಹೊರಟ ಮಂಚ

ಸಮಸ್ತ ಮನೆಮಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬಚ್ಚಲಮನೆಯ ಮೊಳೆಗೆ ನೇತುಹಾಕಿದ್ದ ಬಿಸಿನೀರಿನ ರಬ್ಬರ್ ಚೀಲವನ್ನು ಚಿಕ್ಕ ಸೊಸೆ ಮುಟ್ಟಿನ ನೋವಿಗೆಂದು ಈ ತಿಂಗಳು ಇಳಿಸಲಿಲ್ಲ. ಸುದ್ದಿ ಇಷ್ಟೇ. ದೊಡ್ಡ ಸೊಸೆಗೆ ಮಾತ್ರ ರಾಜ್ಯವೇ ಕೈತಪ್ಪಿದಂತಾಯಿತು.

ಅದು ಪರದೆ ಹೊಲಿಯುವವರ ಮನೆ. ಕೆಳಗೆ ಅತ್ತೆಯ ಅಂಗಡಿ. ಸೊಸೆಗೊಂದು ಹೊಲಿಗೆ ಯಂತ್ರ. ಊರ ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಟ್ಟರೂ ಸೊಸೆಯಂದಿರ ಕೋಣೆಗಳಿಗೆ ಕಿಟಕಿಯೇ ಇರಲಿಲ್ಲ. ಕಿಟಕಿಯಿದ್ದದ್ದು ಮಹಡಿಯ ಕೋಣೆಗೆ. ಅಲ್ಲಿ ಬಟ್ಟೆಯ ಸುರುಳಿಗಳು ಬಿಸಿಲು ಕಾಯಿಸುತ್ತ ಮಲಗಿದ್ದವು. "ಯಾರ ಹೊಟ್ಟೆ ಮುಂದೆ ಬರುತ್ತೋ ಅವರು ಮೇಲೆ ಹೋಗ್ಲಿ," ಎಂದು ಅತ್ತೆ ಮಾತು ಕೊಟ್ಟಿದ್ದಳು.

ವರ್ಷಗಳು ಉರುಳಿದರೂ ದೊಡ್ಡವಳ ಹೊಟ್ಟೆ ಮುಂದೆ ಬರಲಿಲ್ಲ; ಹೊಟ್ಟೆಕಿಚ್ಚು ಮಾತ್ರ ತುಂಬು ಬಸುರಾಗಿತ್ತು. ನಿನ್ನೆ ಮೊನ್ನೆ ಬಂದವಳು ಬಿಸಿಲಲ್ಲಿ ಏಳುವುದು, ತಾನು ಕತ್ತಲಲ್ಲಿ ತಡಕಾಡುವುದು! ವಾರವೆಲ್ಲ ಅವಳ ಕಣ್ಣು ಓರಗಿತ್ತಿಯ ಸೊಂಟದ ಮೇಲೆ, ಸೂಜಿ ತನ್ನ ಬೆರಳಿನ ಮೇಲೆ.

ಕೊನೆಗೆ ಅತ್ತೆಯೂ ಚಿಕ್ಕವಳೂ ಪರದೆ ತಲುಪಿಸಲು ಹೋದ ಹೊತ್ತು ನೋಡಿ ದೊಡ್ಡವಳು ದಂಡಯಾತ್ರೆ ಹೊರಟಳು. ಕಿಟಕಿಗೆ ಪರದೆ ಆಗಲೇ ಗುಟ್ಟಾಗಿ ಹೊಲಿದಿಟ್ಟಿದ್ದಳು. ಅದು ಹೋಗಿ ಕಿಟಕಿಗೆ ನೇತುಬಿತ್ತು, ದಿಂಬು ಹೋಯಿತು, ಹಟಕ್ಕೆ ಆ ರಬ್ಬರ್ ಚೀಲವೂ ಹೋಯಿತು. ಕಬ್ಬಿಣದ ಮಂಚವನ್ನು ಕೆಳಗಿನಿಂದ ನೂಕುತ್ತಿದ್ದ ಗಂಡ ಕೇಳಿದ: "ಇದೆಲ್ಲ ಬೇಕಿತ್ತಾ?"

"ನೂಕ್ರೀ. ಮೊದಲು ಮಂಚ ಹೋಗ್ಲಿ, ಮಗು ಆಮೇಲೆ ಬರುತ್ತೆ."

ಮಂಚ ಅರ್ಧ ಹೋಯಿತು. ಆಮೇಲೆ ಬಾಗಿಲಲ್ಲಿ ಕಚ್ಚಿಕೊಂಡು ಕೂತಿತು. ಒಳಗೆ ಹೆಂಡತಿ, ಹೊರಗೆ ಗಂಡ. ಅವನು ಬೆವರೊರೆಸಿಕೊಂಡು ಬಡಗಿಯನ್ನು ಕರೆತರಲು ಓಡಿದ.

ಅಷ್ಟರಲ್ಲಿ ಚಿಕ್ಕವಳು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲೇರಿ ಬಂದಳು. "ಅಕ್ಕ, ಮೊಳೆಯಲ್ಲಿ ಚೀಲ ಇಲ್ಲ, ನಿಮ್ಮ ಹತ್ರ ಇದ್ರೆ ಕೊಡಿ. ಮುಟ್ಟಾದೆ. ಈ ಸಲ ಜಾಸ್ತಿನೇ ಹಿಂಡ್ತಿದೆ."

ದೊಡ್ಡವಳ ಮುಖ ಊರಗಲವಾಯಿತು. "ಅಯ್ಯೋ ಪಾಪ. ಮತ್ತೆ ಇಷ್ಟು ದಿನ?"

"ಅವತ್ತೊಂದು ರಾತ್ರಿ ಮುನ್ನೆಚ್ಚರಿಕೆ ತಪ್ತು. ಮಾರನೇ ದಿನವೇ ಬಸಿರು ತಡೆಯೋ ಮಾತ್ರೆ ತಗೊಂಡೆ. ಆಮೇಲೆ ಮುಟ್ಟು ಹಿಂದೆ ಮುಂದೆ ಆಗುತ್ತೆ, ವಾರ ಮೀರಿದ್ರೆ ಪರೀಕ್ಷೆ ಮಾಡ್ಕೊಳ್ಳಿ ಅಂತ ಔಷಧಿ ಅಂಗಡಿಯಮ್ಮ ಅಂದಿದ್ರು. ಮಾಡ್ಕೊಂಡೆ, ಇಲ್ಲ ಅಂತ ಬಂತು."

"ಬೇಡ ಅಂತ ತಿಂದ್ಯಾ?"

"ಈಗಲೇ ಬೇಡ ಅಂತ."

ಚೀಲ ಚಾಚಿದ ಕೈ ಮಂಚದ ಮೇಲೇ ನಿಂತಿತು. ಇವಳಿಗೆ ಸಿಕ್ಕಿತೆಂದು ಉರಿದದ್ದೇನೋ ಆಯಿತು. ತಾನು ಬೇಡಿ ಬೇಡಿ ಕಾಣದ್ದನ್ನು ಬೇಡವೆನ್ನುವ ಸಿರಿವಂತಿಕೆಗೆ ಈಗ ಹೊಸದಾಗಿ, ಇನ್ನೂ ಆಳದಲ್ಲಿ ಉರಿಯಿತು.

"ಕೋಣೆ ನೀವೇ ಇಟ್ಕೊಳ್ಳಿ ಅಕ್ಕ," ಎಂದಳು ಚಿಕ್ಕವಳು. ಅದಂತೂ ಗಾಯಕ್ಕೆ ಉಪ್ಪು.

ಬಡಗಿಯ ಕಡೆ ಓಡುತ್ತಿದ್ದ ಮಗನನ್ನು ದಾರಿಯಲ್ಲಿ ಕಂಡು, ಹಿಂದೆಯೇ ಬಂದ ಅತ್ತೆ ಕತ್ತಿನ ಟೇಪು ತೆಗೆದು ಬಾಗಿಲು ಅಳೆದಳು, ಮಂಚ ಅಳೆದಳು.

"ಕಿಟಕಿ ಅಳೆದಿದ್ಯಾ?"

"ಅಳೆದೆ. ಒಂದು ನೂಲೂ ಹೆಚ್ಚುಕಮ್ಮಿ ಇಲ್ಲ."

"ಬಾಗಿಲು?"

ದೊಡ್ಡವಳು ಪರದೆಯನ್ನು ಬದಿಗೆ ಸರಿಸಿ ನೆರಿಗೆ ಸರಿಮಾಡಿದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀನು ಬಾಗಿಲು ಇದ್ದಷ್ಟು ಮಂಚ ತರಬೇಕಿತ್ತಮ್ಮ. ಕಬ್ಬಿಣ ಬೇರೆ, ಬಡಗಿ ಬಂದು ಏನು ಕಡೀತಾನೆ? ವಾಪಸ್ ಇಳಿಸಿ. ಕೋಣೆ ಸುರುಳಿಗಳಿಗೇ ಇರಲಿ."

ಚಿಕ್ಕವಳು ಚೀಲ ಇಸಿದುಕೊಂಡು ಹೋಗಿ ಬಿಸಿನೀರು ತುಂಬಿಸಿಕೊಂಡು ಬಂದು, ಹೊರಗುಳಿದಿದ್ದ ಅರ್ಧ ಮಂಚದ ಮೇಲೆ ಉಸ್ಸೆಂದು ಒರಗಿದಳು. ಕಿಟಕಿಯ ಬಿಸಿಲು ದೊಡ್ಡವಳನ್ನು ದಾಟಿ ಹೋಗಿ, ನೇರ ಅವಳ ಹೊಟ್ಟೆಯ ಮೇಲೆ ಬಿದ್ದಿತ್ತು.