ಹಸಿರು ಉಂಡೆಯ ಪ್ರಗತಿ

ಆ ಉಂಡೆಯ ವಾಸನೆಯನ್ನು ಹೇಗೆ ಹೇಳಲಿ? ಬೇಸಿಗೆಯಲ್ಲಿ ಕೆರೆ ಬತ್ತಿ, ತಳದ ಗುಂಡಿಯಲ್ಲಿ ಉಳಿದ ನೀರಿನ ಮೇಲೆ ಪಾಚಿ ಕಟ್ಟಿ, ಅದರಲ್ಲಿ ಮೀನು ಸತ್ತು ತೇಲಿದಾಗ ಗಾಳಿ ಬರುತ್ತದಲ್ಲ, ಹಾಗೆ. ಅದಕ್ಕೆ ಬೆಲ್ಲ ಬೇರೆ ಹಾಕಿದ್ದರು. ಬೆಲ್ಲದಿಂದ ಅದು ಇನ್ನೂ ಹೊಲಸಾಗಿತ್ತು.

ಹರಿಯಬ್ಬೆಯಿಂದ ಆಚೆಗಿರುವ ನಮ್ಮ ಹಟ್ಟಿಯ ಅಂಗನವಾಡಿಯಲ್ಲಿ ನಾನು ಆಯಾ ಆಗಿದ್ದೆ. ಮಕ್ಕಳಿಗೆ ಗಂಜಿ ಕಾಯಿಸುವುದು, ಉಣ್ಣಿಸುವುದು, ಮೂತಿ ಒರೆಸುವುದು ನನ್ನ ಕೆಲಸ. ಟೀಚರು ಚಂದ್ರಕ್ಕ. ಎರಡು ಸಾವಿರದ ಎರಡನೇ ಇಸವಿಯಲ್ಲಿ ವಿಶ್ವವಿದ್ಯಾಲಯದ ಪೋಷಣಾ ವಿಜ್ಞಾನ ವಿಭಾಗದವರು ಜೀಪಿನಲ್ಲಿ ಬಂದು ನಮ್ಮ ಗೋಡೆಗೆ ಒಂದು ಬ್ಯಾನರ್ ಕಟ್ಟಿದರು. ‘ವಿಭಾಗದ ಪ್ರಗತಿ ವರ್ಷ’ ಎಂದು ಅದರ ಮೇಲೆ ಬರೆದಿತ್ತು. ವಿಭಾಗದ ಮುಖ್ಯಸ್ಥರು ಲಕ್ಷ್ಮೀಕಾಂತ್ ಸಾರ್. ಪಾಚಿಯನ್ನು ತೊಟ್ಟಿಯಲ್ಲಿ ಬೆಳೆಸಿ, ಒಣಗಿಸಿ, ಪುಡಿ ಮಾಡಿ, ಕಡಲೆಬೀಜದ ಜೊತೆ ಉಂಡೆ ಕಟ್ಟಿಸಿ ತಂದಿದ್ದರು. ಒಂದು ಉಂಡೆಯಲ್ಲಿ ಒಂದು ಊಟದ ಸತ್ವ ಇದೆಯಂತೆ. ಹಟ್ಟಿಯವರು ರುಚಿ ಮೆಚ್ಚಿದರೆ ಒಂದು ವರ್ಷ ಮಕ್ಕಳಿಗೆ ಬಿಸಿ ಗಂಜಿಯ ಬದಲು ಇದೇ ಎಂದರು.

ನನಗೆ ತಟ್ಟನೆ ನೆನಪಾದವಳು ಪ್ರೀತಿ. ಬೋರಪ್ಪನ ಮಗಳು, ಇನ್ನೂ ಮೂರು ತುಂಬಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಹೊತ್ತು ಮೂಡುವ ಮೊದಲೇ ಈರುಳ್ಳಿ ಕೀಳುವ ಕೂಲಿಗೆ ಹೋದರೆ ಸಂಜೆಯವರೆಗೂ ಮಗುವಿನ ಹೊಟ್ಟೆಗೆ ನಮ್ಮ ಗಂಜಿಯೇ ಗತಿ. ಗೋಡೆ ಹಿಡಿದು ನಡೆಯುತ್ತಿದ್ದ ಕೂಸು ಆಗಷ್ಟೇ ಗೋಡೆ ಬಿಟ್ಟು ಓಡುವುದಕ್ಕೆ ಕಲಿತಿತ್ತು.

ರುಚಿ ನೋಡುವ ದಿನ ಚಂದ್ರಕ್ಕ ಒಂದು ಕೆಲಸ ಮಾಡಿದಳು. ನಮ್ಮಲ್ಲಿ ಹೊಸದಾಗಿ ಏನು ಬಂದರೂ, ಅದು ಹೊಲಿಗೆ ಮಿಷನ್ನಾಗಲಿ ಬೋರಿನ ಪಂಪಾಗಲಿ, ಮೊದಲು ಮಾರಮ್ಮನ ಪಟದ ಮುಂದೆ ಇಟ್ಟು ಕಾಯಿ ಒಡೆಯುತ್ತೇವೆ. ಚಂದ್ರಕ್ಕ ಉಂಡೆಯ ತಟ್ಟೆಗೂ ಹಾಗೇ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಕಾಯಿ ಒಡೆದು, ಆಮೇಲೆ ಹಂಚಿದಳು. ಜನ ಕಣ್ಣಿಗೊತ್ತಿಕೊಂಡು, ಉಸಿರು ಬಿಗಿಹಿಡಿದು ನುಂಗಿದರು. ಸಾರ್ ಒಂದು ರಟ್ಟು ಹಿಡಿದುಕೊಂಡು ಬಂದರು. ಅದರಲ್ಲಿ ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ಚಿತ್ರ. ಎಲ್ಲರ ಬೆರಳೂ ನಗುವ ಮುಖದ ಮೇಲೇ ಹೋಯಿತು.

‘ನಿಜವಾಗ್ಲೂ ಚೆನ್ನಾಗಿದೆಯೇನಜ್ಜ?’ ಎಂದು ಸಾರ್ ಮುದುಕ ಕೆಂಚಪ್ಪನನ್ನು ಕೇಳಿದರು.

‘ಅಮ್ಮನ ಪ್ರಸಾದ ಸಾಮಿ. ಚೆಂದಾಗಿಲ್ಲ ಅಂದ್ರೆ ನಾಲಿಗೆ ಉಳೀತೈತಾ?’

ಸಾರ್ ಒಂದು ಗಳಿಗೆ ಅವನ ಮುಖ ನೋಡಿದರು. ಆಮೇಲೆ ನಕ್ಕು, ಜೊತೆಗೆ ಬಂದಿದ್ದ ಹುಡುಗಿ ಉಷಾರಾಣಿಗೆ ‘ಬರ್ಕೋ’ ಎಂದರು.

ಆ ತಿಂಗಳಿನಿಂದ ರಾಗಿಹಿಟ್ಟಿನ ಚೀಲ ಬರುವುದು ನಿಂತಿತು. ಡಬ್ಬ ಡಬ್ಬ ಉಂಡೆ ಬಂತು. ಮಕ್ಕಳು ಅದನ್ನು ಚಾಪೆಯ ಕೆಳಗೆ ತುರುಕಿದರು, ಕಿಟಕಿಯಿಂದ ಎಸೆದರು. ಬಲವಂತಕ್ಕೆ ನುಂಗಿದವು ನನ್ನ ಮಡಿಲಿಗೇ ಕಕ್ಕಿದವು. ಹಸಿರು ವಾಂತಿ ಬಳಿದು ಬಳಿದು ನನ್ನ ಊಟವೂ ಅರ್ಧಕ್ಕೆ ಬಂತು. ಪ್ರೀತಿ ಡಬ್ಬದ ಮುಚ್ಚಳದ ಸದ್ದು ಕೇಳಿದರೇ ಬಾಯಿ ಬಿಗಿದುಕೊಳ್ಳುತ್ತಿದ್ದಳು. ನನ್ನ ಮನೆಯ ಮುದ್ದೆಯಲ್ಲಿ ತುತ್ತು ಮುರಿದು ಕೊಡುತ್ತಿದ್ದೆ. ಹತ್ತಾರು ಮಕ್ಕಳು ಸುತ್ತ ಕೂತು ನೋಡುವಾಗ ಒಬ್ಬಳಿಗೆ ಎಷ್ಟು ಕೊಡಲಿ? ದೀಪಾವಳಿಯ ಹೊತ್ತಿಗೆ ಅವಳು ಮತ್ತೆ ಗೋಡೆ ಹಿಡಿದಳು.

‘ಅವರಿಗೆ ಹೇಳು ಚಂದ್ರಕ್ಕ’ ಎಂದೆ.

‘ಅಮ್ಮನ ಮುಂದೆ ಇಟ್ಟು ಕೊಟ್ಟೀವಲ್ಲೇ. ಈಗ ಅದನ್ನ ಹೊಲಸು ಅಂತ ಹೆಂಗೆ ಅನ್ನಾಣ?’

ಉಷಾರಾಣಿ ಬಂದಾಗ ನಾನೇ ಹೇಳಿದೆ. ಆ ಹುಡುಗಿ ನೆಲ ನೋಡುತ್ತಾ, ‘ಸಾರ್‌ಗೆ ಹೇಳ್ದೆ ಅಜ್ಜಿ. ರೂಢಿಯಾಗುತ್ತೆ ಅಂತಾರೆ’ ಎಂದಳು.

ನಾನು ಸೈರಣೆಯವಳು. ಒಲೆ ಹೊತ್ತದಿದ್ದರೆ ಮತ್ತೆ ಮತ್ತೆ ಊದುತ್ತಾ ಕೂರುವವಳು. ಆದರೆ ಆ ವರ್ಷ ನನ್ನ ಸೈರಣೆಯ ಮೇಲೇ ನನಗೆ ಹೇಸಿಗೆ ಬಂತು.

ವರ್ಷದ ಕೊನೆಗೆ ಬೆಂಗಳೂರಿನಿಂದ ದೊಡ್ಡ ಮೇಡಂ ಒಬ್ಬರು ನೋಡಲು ಬರುತ್ತಾರೆ, ಅವರು ಒಪ್ಪಿದರೆ ಹಿರಿಯೂರು ತಾಲ್ಲೂಕಿನ ಅಂಗನವಾಡಿಗಳಿಗೆಲ್ಲ ಇದೇ ಉಂಡೆ ಎಂದು ತಿಳಿಯಿತು. ಮೇಡಂ ಬರುವ ಮೊದಲೇ ಲಕ್ಷ್ಮೀಕಾಂತ್ ಸಾರ್ ಬಂದಿಳಿದರು. ಅವರ ಕೈಯಲ್ಲಿ ಒಂದು ಕವರು. ಅದರಲ್ಲಿ ಹೂವಿನ ಹಾರ, ಊದುಬತ್ತಿ, ಕಾಯಿ.

‘ಆಯಮ್ಮ, ಹೋದ ಸಲ ಮಾಡಿದ ಹಾಗೇ ಪೂಜೆ ಆಗ್ಬೇಕು. ಮರೀಬೇಡಿ’ ಎಂದು ನನ್ನ ಕೈಗೆ ಕೊಟ್ಟರು.

ಚಂದ್ರಕ್ಕ ಏನೂ ಅರಿಯದೆ ಮಾಡಿದ್ದಳು. ಈ ಮನುಷ್ಯ ಅರಿತೇ ಮಾಡುತ್ತಿದ್ದಾನೆ. ಕೆಂಚಪ್ಪ ಅಂದದ್ದನ್ನು ಒಂದು ವರ್ಷ ಜೋಪಾನ ಮಾಡಿಟ್ಟುಕೊಂಡಿದ್ದಾನೆ.

‘ನೀವೂ ಪ್ರಸಾದ ತಗಂತೀರಾ ಸಾರ್?’

‘ನನಗೆ ಶುಗರ್ ಇದೆ ಕಣಮ್ಮ.’

ಕಾಯಿಯನ್ನು ಒಳಗೆ ಒಯ್ದು ಒಡೆದೆ. ಪಟದ ಮುಂದಲ್ಲ, ಒರಳಿನ ಮೇಲೆ. ಚೂರು ಮಾಡಿ ಮಕ್ಕಳ ಕೈಗೆ ಹಾಕಿದೆ. ಚಂದ್ರಕ್ಕ ಎದೆ ಹಿಡಿದುಕೊಂಡಳು. ‘ಅಯ್ಯೋ, ಏನ್ ಮಾಡಿದ್ಯೇ ಏಕನಾಥಮ್ಮ!’

‘ಆ ತಾಯಿಗೆ ಇದನ್ನ ಎರಡನೇ ಸಲ ಉಣ್ಣಿಸಾಕೆ ನನ್ನ ಕೈಲಾಗಲ್ಲ.’

ಮೇಡಂ ಬಂದು ಕುಳಿತರು. ಹಟ್ಟಿಯವರು ಸೇರಿದರು. ಜನ ತಟ್ಟೆಯನ್ನು ನೋಡಿ ಕೈ ಮುಗಿಯಲು ಹೊರಟಾಗ ನಾನು ಗಟ್ಟಿಯಾಗಿ ಹೇಳಿದೆ: ‘ಕೈ ಮುಗೀಬ್ಯಾಡ್ರಿ. ಅಮ್ಮನ ಮುಂದೆ ಕಾಯಿ ಒಡೆದಿಲ್ಲ, ಪೂಜೆ ಆಗಿಲ್ಲ. ಇದು ಬರೀ ತಿಂಡಿ. ಬಾಯಿಗೆ ಹೆಂಗೈತೋ ಹಂಗೆ ಹೇಳ್ರಿ.’

ಕೆಂಚಪ್ಪ ಚೂರು ಕಚ್ಚಿದ. ಅಂಗಳದ ಅಂಚಿಗೆ ಹೋಗಿ ಉಗಿದು ಬಂದ. ‘ಥೂ! ಇಷ್ಟು ದಿನ ಬಾಯಿ ಕಟ್ಟಾಕ್ಕೊಂಡಿದ್ದೆ ಕಣವ್ವ. ಇದನ್ನ ಹಂದಿ ಮುಂದೆ ಇಟ್ರೆ ಅದೂ ಎದ್ದು ಹೋಗ್ತೈತೆ!’

ಅಷ್ಟೇ ಸಾಕಾಯಿತು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು, ಆಮೇಲೆ ಒಬ್ಬೊಬ್ಬರೇ ಬೈಯಲು ಶುರು ಮಾಡಿದರು. ಅಂದು ಕೂಲಿ ಬಿಟ್ಟು ಬಂದಿದ್ದ ಬೋರಪ್ಪ ಮುಂದೆ ಬಂದ. ಪ್ರೀತಿಯನ್ನು ಎತ್ತಿ ತಂದು ಮೇಡಂ ಮುಂದೆ ನಿಲ್ಲಿಸಿ, ಅಂಗಿಯ ತೋಳು ಸರಿಸಿದ. ‘ನೋಡ್ರಿ ಅಮ್ಮಾರೆ’ ಎಂದ, ಅಷ್ಟೆ. ಮೇಡಂ ಆ ತೋಳನ್ನು ನೋಡಿದರು. ಉಂಡೆಯ ಚೂರು ಬಾಯಿಗೆ ಹಾಕಿಕೊಂಡರು. ಕರ್ಚೀಫಿಗೆ ಉಗಿದರು.

‘ಮೇಡಂ, ಇವತ್ತು ಪರೀಕ್ಷೆಗೆ ಸರಿಯಾದ ವಾತಾವರಣ ಇರಲಿಲ್ಲ’ ಎಂದರು ಸಾರ್.

‘ನಾಳೆಯಿಂದ ಗಂಜಿ ಕಾಯಿಸಿ’ ಎಂದು ಮೇಡಂ ನನಗೆ ಹೇಳಿದರು. ಸಾರ್ ಕಡೆ ತಿರುಗಲೂ ಇಲ್ಲ.

ಜೀಪು ಹತ್ತುವಾಗ ಲಕ್ಷ್ಮೀಕಾಂತ್ ಸಾರ್ ನನ್ನ ಹತ್ತಿರ ಬಗ್ಗಿ ಹಲ್ಲು ಕಚ್ಚಿದರು. ‘ನಮ್ಮ ವಿಭಾಗದ ಒಂದು ವರ್ಷ ಹಾಳು ಮಾಡಿದ್ರಿ.’

‘ಈ ಕೂಸಿಂದೂ ಒಂದು ವರ್ಷ ಹೋಯ್ತು ಸಾರ್. ನಿಮ್ಗೆ ಮುಂದಿನ ವರ್ಷ ಇನ್ನೊಂದು ಬ್ಯಾನರ್ ಸಿಗ್ತೈತೆ.’

ಮಾರನೆಯ ದಿನ ಹರಿಯಬ್ಬೆಯಿಂದ ರಾಗಿಹಿಟ್ಟು ತರಿಸಿದರು. ಉಂಡೆ ತುಂಬಿಟ್ಟಿದ್ದ ನಮ್ಮ ದೊಡ್ಡ ಪಾತ್ರೆಯನ್ನು ಬೂದಿ ಹಾಕಿ ಉಜ್ಜಿದೆ, ಹುಣಸೆಹಣ್ಣು ಹಾಕಿ ಉಜ್ಜಿದೆ. ನಾತ ಹೋಗಲಿಲ್ಲ. ಅದನ್ನು ತಿಪ್ಪೆಯ ಮೇಲೆ ಬೋರಲು ಹಾಕಿ, ಪಕ್ಕದ ಮನೆಯಿಂದ ಬೇರೆ ಪಾತ್ರೆ ಇಸಿದುಕೊಂಡು ಬಂದು ಒಲೆಯ ಮೇಲಿಟ್ಟೆ. ಪ್ರೀತಿಗೆ ಮೊದಲ ಬಟ್ಟಲು ಕೊಟ್ಟೆ. ಅವಳು ಬಾಯಿ ಬಿಗಿದುಕೊಂಡು, ಗಂಜಿಯನ್ನು ಬಹಳ ಹೊತ್ತು ಮೂಸುತ್ತಲೇ ಕೂತಳು. ಅದು ಆರುವ ತನಕ ನಾನೂ ಪಕ್ಕದಲ್ಲಿ ಕೂತೆ.