ಒಂದೇ ತಟ್ಟೆಯ ಎರಡು ಬಿಲ್ಲೆಗಳು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ‘ಪಿಸುಮಾತು’ ಎಂದೇ ಕರೆಯುತ್ತಿದ್ದರು. ಅವಳ ದನಿ ಪಕ್ಕದ ಮೇಜಿಗೂ ಮುಟ್ಟುತ್ತಿರಲಿಲ್ಲ. ಅಂಥವಳು ಆ ಬೆಳಿಗ್ಗೆ ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದು "ಕೆಟ್ಟೆ" ಎಂದದ್ದು ಬಾಗಿಲಾಚೆಗೂ ಕೇಳಿಸಿತು.

ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬಿತ್ತಿ, ಮೇಲೆ ಕಾಗದದ ಎರಡು ಪುಟ್ಟ ಬಿಲ್ಲೆ ಇಟ್ಟಿದ್ದಳು. ಒಂದಕ್ಕೆ ದ್ರಾವಕದಲ್ಲಿ ಕರಗಿಸಿದ ಕಾಡುತುಳಸಿಯ ಎಣ್ಣೆ, ಇನ್ನೊಂದಕ್ಕೆ ಬರೀ ದ್ರಾವಕ. ಎಣ್ಣೆಯ ಸುತ್ತ ಬ್ಯಾಕ್ಟೀರಿಯಾ ಸತ್ತು ತಿಳಿಯಾದ ಉಂಗುರ ಮೂಡಬೇಕು. ಬರೀ ದ್ರಾವಕದ ಸುತ್ತ ಏನೂ ಆಗಬಾರದು. ಆದರೆ ಅಲ್ಲೂ ಬಟಾಬಯಲು. ಹಾಗಾದರೆ ಕೊಂದದ್ದು ಎಣ್ಣೆಯೋ, ದ್ರಾವಕವೋ?

ಮಾರ್ಗದರ್ಶಕಿ ಮೇಡಂ ತಮ್ಮ ಕೋಣೆಯಲ್ಲಿ ಕನ್ನಡಕ ಏರಿಸಿ ತಟ್ಟೆ ನೋಡಿದರು. "ಎಣ್ಣೇಲಿ ಏನೇನಿದೆ ಅನ್ನೋದನ್ನ ಚೆನ್ನಾಗೇ ಬರೆದಿದ್ದೀಯಮ್ಮ, ಅದು ಇರ್ಲಿ. ಬ್ಯಾಕ್ಟೀರಿಯಾದ ಅಧ್ಯಾಯ ಕೈಬಿಡೋಣ. ನಾಳಿದ್ದು ಪ್ರಬಂಧ ಒಪ್ಪಿಸ್ಬೇಕಲ್ಲ."

ಇಷ್ಟು ದಿನದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅವಳು ತಲೆಯಾಡಿಸಿ ತನ್ನ ಮೇಜಿಗೆ ಬಂದಳು.

"ಹೂಂ ಅಂದು ಬಂದ್ಯಾ? ಬಾಯಿಗೇನು ಬೀಗ ಹಾಕ್ಕೊಂಡಿದ್ದೀಯಾ ತಾಯಿ?" ಎಂದಳು ಪಕ್ಕದ ಮೇಜಿನ ಹಿರಿಯ ಸಂಶೋಧಕಿ, ಎಲ್ಲರಿಗೂ ಅಕ್ಕ.

ಅವಳು ಎಸೆಯಲೆಂದು ತಟ್ಟೆಯ ಮುಚ್ಚಳ ಎತ್ತಿದಳು. ಲವಂಗದಂಥ ಘಾಟು ಮೂಗಿಗೆ ಬಡಿಯಿತು. ಮುಚ್ಚಳ ಹಿಡಿದೇ ನಿಂತಳು.

"ಅಕ್ಕಾ, ಇದು ಒಂದ್ಕಡೆ ಕೂರೋ ಎಣ್ಣೆ ಅಲ್ಲ. ಆವಿಯಾಗಿ ತಟ್ಟೆಯೆಲ್ಲ ಸುತ್ತಿರುತ್ತೆ. ಮುಚ್ಚಳ ಬೇರೆ ಹಾಕಿದ್ನಲ್ಲ."

"ಪಕ್ಕದ್ಮನೆಗೂ ಹೊಗೆ ಹಾಕಿದೆ ಅನ್ನು," ಅಕ್ಕ ನಕ್ಕಳು. "ಓರಗಿತ್ತಿಯರನ್ನ ಒಂದೇ ಸೂರಿನಡಿ ಇಟ್ರೆ ಇನ್ನೇನಾಗುತ್ತೆ? ಬೇರೆ ಮನೆ ಮಾಡ್ಕೊಡು."

ಅಂದೇ ಎರಡು ಬಿಲ್ಲೆಗಳಿಗೂ ಬೇರೆ ಬೇರೆ ತಟ್ಟೆ ಮಾಡಿ, ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಬೆಚ್ಚಗಿಟ್ಟಳು.

ಮರುದಿನ ಎಣ್ಣೆಯ ತಟ್ಟೆಯಲ್ಲಿ ಅಗಲವಾದ ಉಂಗುರವಿತ್ತು. ಇನ್ನೊಂದನ್ನೂ ತೆಗೆದು ನೋಡಿದಳು. ಬರೀ ದ್ರಾವಕದ ಬಿಲ್ಲೆಯ ಅಂಚಿಗೇ ಅಂಟಿಕೊಂಡು ಬ್ಯಾಕ್ಟೀರಿಯಾ ಹಾಲಿನ ಕೆನೆಯಂತೆ ದಟ್ಟವಾಗಿ ಬೆಳೆದಿತ್ತು. ರೋಗಾಣು ಬದುಕಿದ್ದಕ್ಕೆ ಇಷ್ಟು ಹಿಗ್ಗಿದವರು ಆ ಕಟ್ಟಡದಲ್ಲಿ ಬೇರಾರೂ ಇರಲಿಕ್ಕಿಲ್ಲ.

ಮೇಡಂ ಕೋಣೆಯಲ್ಲಿ ಅವಳು ಆವಿಯ ವಿಷಯವನ್ನು ನಿಲ್ಲಿಸದೆ ಹೇಳಿದಳು. ಮೇಡಂ ತಟ್ಟೆಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹಳೇ ತಟ್ಟೆ ಎಸೆದುಬಿಟ್ಯಾ?"

"ಇಲ್ಲ ಮೇಡಂ, ಇದೆ."

"ಅದರ ಚಿತ್ರಾನೂ ಸೇರ್ಸು. ಮುಟ್ಟದೇನೇ ಕೊಲ್ಲುತ್ತೆ ಅಂದ್ರೆ ಅದೂ ಎಣ್ಣೆಯ ಗುಣವೇ ತಾನೆ? ಅಧ್ಯಾಯ ಇರ್ಲಿ, ಹೋಗಮ್ಮ, ಬರೆದು ಮುಗ್ಸು."

ಹೊರಬಂದವಳು ಮೆಟ್ಟಿಲ ಮೇಲೆ ಕುಳಿತಳು. ಎದೆಯ ಮೇಲಿನ ಕಲ್ಲು ಇಳಿದಿತ್ತು. ಎರಡೂ ತಟ್ಟೆಗಳನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬರೆಯಲು ಎದ್ದಳು.