ಆರು ದಿನದ ಪರೀಕ್ಷೆ

ನಮ್ಮೂರ ಚರ್ಚಿನ ಹಾಡುಗಾರರಲ್ಲಿ ಹೆಂಗಸರೆಲ್ಲ ಇಲ್ಲೇ ಟೋಂಗಾದ ವವಾವು ದ್ವೀಪದಲ್ಲಿದ್ದಾರೆ, ದಪ್ಪ ದನಿಯ ಗಂಡಸರೆಲ್ಲ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದಾರೆ. ಒಬ್ಬ ಮನೆಗಳ ಚಾವಣಿ ಹೊದಿಸುತ್ತಾನೆ, ಒಬ್ಬ ಕೋಳಿಮಾಂಸದ ಕಾರ್ಖಾನೆಯಲ್ಲಿದ್ದಾನೆ, ಒಬ್ಬ ಬಸ್ಸು ಓಡಿಸುತ್ತಾನೆ. ಗಂಡಸರೇ ಒಟ್ಟು ಇಪ್ಪತ್ತಮೂರು ಜನ. ಜೂನ್ ಕೊನೆಗೆ ನಮ್ಮ ರಾಜಧಾನಿ ನುಕುಅಲೋಫಾದಲ್ಲಿ ಚರ್ಚಿನ ದೊಡ್ಡ ಸಭೆ. ಅಲ್ಲಿ ಹಾಡಲು ಇವರು ವಿಮಾನ ಇಳಿಯುವುದು ಎರಡೇ ದಿನ ಮೊದಲು. ಅಷ್ಟರೊಳಗೆ ಹಾಡು ಬಾಯಿಗೆ ಬಂದಿರಬೇಕು.

ತಂಡ ನಡೆಸುವವನು ನನ್ನ ಸೋದರಮಾವ ಹಾನಿತೇಲಿ, ಹಾಡುವವರಿಗೆಲ್ಲ ಅವನೇ 'ಮೇಷ್ಟ್ರು'. ಅವನು ರಾಗವನ್ನು ಸ್ವರಕ್ಕೊಂದು ಅಂಕಿಯಂತೆ ಕರಿಹಲಗೆಯ ಮೇಲೆ ಬರೆಯುತ್ತಾನೆ. ನಮ್ಮ ಟೋಂಗಾದಲ್ಲಿ ಎಲ್ಲರೂ ಕಲಿಯುವುದೇ ಹಾಗೆ. ನಾನು ಹಲಗೆಯ ಫೋಟೋ ತೆಗೆದು, ಹಾಡಿಸಿ ರೆಕಾರ್ಡ್ ಮಾಡಿ ಫೋನಿನಲ್ಲಿ ಕಳಿಸುತ್ತಿದ್ದೆ. ಹೋದ ವರ್ಷ ಅರ್ಧ ಜನ ಹಳೆಯ ರೆಕಾರ್ಡ್ ಕೇಳಿ ಬೇರೆಯದೇ ಹಾಡು ಕಲಿತು ಬಂದರು. ಸಭೆಯಲ್ಲಿ ಮಾನ ಹೋಯಿತು. ಎಲ್ಲ ಒಂದೇ ಕಡೆ ಇರುವ ವೆಬ್‌ಸೈಟ್ ಬೇಕೆಂದು ಚರ್ಚಿನ ಹಿರಿಯರು ತೀರ್ಮಾನಿಸಿದ್ದು ಆಮೇಲೆ.

"ಅಗ್ಗದ್ದಾಗಿರ್ಬೇಕು, ಆದ್ರೆ ಕೈ ಕೊಡಬಾರ್ದು. ಸಿನಿವಾ ನೋಡಿ ಹೇಳ್ಲಿ" ಅಂದರು. ಸಿನಿವಾ ಅಂದರೆ ನಾನು, ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಆ ಒಂದೇ ಕಾರಣಕ್ಕೆ ಊರಿನ ರೇಡಿಯೋ, ಇಸ್ತ್ರಿಪೆಟ್ಟಿಗೆ, ದೋಣಿಯ ಮೋಟಾರು ಎಲ್ಲವೂ ನನ್ನ ಬಾಗಿಲಿಗೇ ಬರುತ್ತವೆ.

ಹುಡುಕಿ ಹುಡುಕಿ ಒಂದು ಹೋಸ್ಟಿಂಗ್ ಕಂಪನಿ ಹಿಡಿದೆ. ತಿಂಗಳಿಗೆ ಒಂದು ಡಬ್ಬಿ ಮಾಂಸದ ಬೆಲೆ. ಅಷ್ಟು ಅಗ್ಗವಾಗಲು ಕಾರಣ, ಒಂದೇ ಸರ್ವರಿನಲ್ಲಿ ನೂರಾರು ವೆಬ್‌ಸೈಟುಗಳನ್ನು ಒಟ್ಟಿಗೆ ಇಟ್ಟಿರುತ್ತಾರೆ. ಮೂವತ್ತು ದಿನದೊಳಗೆ ಬೇಡ ಅನಿಸಿದರೆ ಹಣ ವಾಪಸ್ಸು. ಅಗ್ಗದ ವಸ್ತುವನ್ನು ನಾನು ನಂಬುವವಳಲ್ಲ. ಒಂದು ನೋಟ್‌ಪುಸ್ತಕ ತೆಗೆದು ಗೆರೆ ಹಾಕಿ, ದಿನಕ್ಕೆ ಮೂರು ಹೊತ್ತು ಪರೀಕ್ಷೆ ಮಾಡಿದೆ. ತೆರೆಯಲು ಎಷ್ಟು ಸೆಕೆಂಡು, ಹಾಡು ಮಧ್ಯೆ ನಿಂತಿತೋ ಇಲ್ಲವೋ, ಎಲ್ಲ ಬರೆದೆ. ಅವರ ತಾಳ್ಮೆ ನೋಡಲೆಂದೇ "ನನ್ನ ವೆಬ್‌ಸೈಟ್ ಎಲ್ಲಿ ಹೋಯಿತು?" ಎಂದು ಸುಮ್ಮಸುಮ್ಮನೆ ಕೇಳಿದೆ. ಆ ಕಂಪನಿಯ ಪಾವೆಲ್ ಎಂಬವನು "ಇಲ್ಲೇ ಇದೆ ಮೇಡಂ, ನಾನೂ ಈಗಷ್ಟೇ ಒಂದು ಹಾಡು ಕೇಳಿದೆ" ಎಂದು ಉತ್ತರ ಬರೆದ. ಅವತ್ತೇ ಅವನಿಗೆ ಹತ್ತಕ್ಕೆ ಹತ್ತು ಕೊಟ್ಟೆ.

ಮೂರು ವಾರ ಹೀಗೆ ನಡೆಯಿತು. ಭಾನುವಾರದ ಜಾಗ ಮಾತ್ರ ಖಾಲಿ. ಭಾನುವಾರ ನಮ್ಮಲ್ಲಿ ಕೆಲಸ ಮಾಡುವುದು ಕಾನೂನಿಗೇ ವಿರುದ್ಧ. ಚರ್ಚು, ಊಟ, ನಿದ್ದೆ, ಮತ್ತೆ ಚರ್ಚು. ಪರೀಕ್ಷೆಯೂ ಕೆಲಸವೇ ಅಲ್ಲವೇ? ಸೋಮವಾರ ಹಿರಿಯರ ಮುಂದೆ ನಿಂತು "ಪಾಸು" ಎಂದು ಓದಿ ಹೇಳಿದೆ. ಬೀಗಿದೆ ಕೂಡ.

ಮಂಗಳವಾರ ಆಕ್ಲೆಂಡಿನಿಂದ ಲೋಪಿನಿಯ ಫೋನು ಬಂತು. ಅಲ್ಲಿನ ಗಂಡಸರಿಗೆಲ್ಲ ಅವನೇ ಮುಂದಾಳು. ಮಾವ ಸ್ಪೀಕರ್ ಹಾಕಿದ.

"ಮೇಷ್ಟ್ರೇ, ಭಾನುವಾರ ವೆಬ್‌ಸೈಟಿಗೂ ಬಾಗಿಲು ಹಾಕ್ತೀರಲ್ಲ, ನೋಡಿ ಖುಷಿ ಆಯ್ತು. ಊರು ಇನ್ನೂ ಕೆಟ್ಟಿಲ್ಲ ಅಂತ ಎಲ್ಲ ಮಾತಾಡ್ಕೊಂಡ್ವಿ."

"ಯಾವ ಬಾಗಿಲೋ?"

"ಊಟ ಆದ್ಮೇಲೆ ಎಲ್ರೂ ನಮ್ಮನೇಲಿ ಕೂತು ತೆಗೀತೀವಿ. 'ಸದ್ಯಕ್ಕೆ ಲಭ್ಯವಿಲ್ಲ' ಅಂತ ಬರುತ್ತೆ. ಮೂರು ಭಾನುವಾರಾನೂ ಹಂಗೇ. ಮೇಷ್ಟ್ರು ಶಿಸ್ತಿನೋರು ಅಂದ್ಕೊಂಡು, ಪ್ರಾರ್ಥನೆ ಮಾಡಿ ಎದ್ವಿ."

ಮಾವ ನಿಧಾನವಾಗಿ ಕೇಳಿದ. "ಮಿಕ್ಕ ದಿನ?"

"ಒಬ್ಬನಿಗೆ ಹಗಲು ಪಾಳಿ, ಇನ್ನೊಬ್ಬನಿಗೆ ರಾತ್ರಿ ಪಾಳಿ. ಒಟ್ಟಿಗೆ ಸಿಗೋದು ಭಾನುವಾರ ಒಂದೇ. ಬಂದ್ಮೇಲೆ ಕಲ್ತ್ಕೋತೀವಿ ಬಿಡಿ, ನಮ್ಗೇನು ಹೊಸದಾ?"

"ಟಿಕೆಟ್ ತೆಗೆಸಿದ್ದೀರಾ?"

"ನಾಳೆ ತೆಗೆಸ್ತೀವಿ."

"ತೆಗೆಸ್ಬೇಡಿ. ಮುಂದಿನ ಸೋಮವಾರ ಸಭೆಗೆ ಹೆಸರು ಕೊಡ್ಬೇಕು. ಕೊಡೋದೋ ಬೇಡ್ವೋ ಅಂತ ಅವತ್ತು ಹೇಳ್ತೀನಿ" ಎಂದು ಮಾವ ಫೋನ್ ಇಟ್ಟುಬಿಟ್ಟ. "ಇನ್ನೊಂದು ಸಲ ಆ ಜನರ ಮುಂದೆ ತಲೆ ತಗ್ಗಿಸಿ ನಿಲ್ಲೋಕೆ ನನ್ನ ಕೈಲಿ ಆಗಲ್ಲ ಕಣೇ." ಅಮ್ಮನ ತಮ್ಮನೆಂದು ನಾನು ಅವನ ಜತೆ ಚೇಷ್ಟೆ ಮಾಡಿಕೊಂಡೇ ಬೆಳೆದವಳು. ಅವತ್ತು ಮಾತ್ರ ನೋಟ್‌ಪುಸ್ತಕ ತೆಗೆದು 'ಪಾಸು' ಎಂದಿದ್ದನ್ನು ಹೊಡೆದುಹಾಕಿದೆ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪಾವೆಲ್‌ಗೆ ಬರೆದೆ, ಈ ಸಲ ನಿಜವಾಗಿ. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಭಾರಿ ಭಾರಿ ಫೈಲುಗಳನ್ನು ಒಟ್ಟಿಗೆ ಎಳೆಯುತ್ತಿದ್ದಾರೆ, ಆಗ ನಿಮ್ಮ ಪಾಲು ಮೀರುತ್ತದೆ, ಮಿಕ್ಕವರಿಗೆ ತೊಂದರೆಯಾಗದಂತೆ ಸರ್ವರು ನಿಮ್ಮನ್ನು ಒಂದು ಗಂಟೆ ಹೊರಗಿಡುತ್ತದೆ ಎಂದಿದ್ದ. ಹಾಡುವವರು ಉಸಿರೆಳೆಯುವುದೂ ಕೇಳಬೇಕೆಂದು ಮಾವ ಹಟ ಹಿಡಿದಿದ್ದಕ್ಕೆ ನಾನೇ ಫೈಲುಗಳನ್ನು ಅಷ್ಟು ದೊಡ್ಡದಾಗಿ ಇಟ್ಟಿದ್ದೆ. ಊರಿಗೆಲ್ಲ ಒಂದೇ ನೀರಿನ ಟ್ಯಾಂಕ್ ಇದ್ದ ಹಾಗೆ ಇದು. ಬಿಂದಿಗೆ ತಂದವರಿಗೆಲ್ಲ ನೀರು ಸಿಗುತ್ತದೆ. ನಮ್ಮವರು ಇಪ್ಪತ್ತಮೂರು ಪೈಪು ಹಾಕಿಕೊಂಡು ಕೂತಿದ್ದರು.

ಹಣ ವಾಪಸ್ಸು ಪಡೆದು ದುಬಾರಿ ಕಡೆಗೆ ಹೋಗಬಹುದಿತ್ತು. ಆದರೆ ನನ್ನ ತಪ್ಪನ್ನು ನನಗೆ ನೋವಾಗದಂತೆ ತೋರಿಸಿಕೊಟ್ಟ ಕಂಪನಿಯನ್ನು ಬಿಡಲು ಮನಸ್ಸಾಗಲಿಲ್ಲ. ಎರಡು ದಿನ ಕೂತು ಪ್ರತಿ ದನಿಯನ್ನೂ ಬೇರೆ ಮಾಡಿ ಫೈಲುಗಳನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದೆ. ಉಸಿರಾಟ ಕೇಳಿಸದಿದ್ದರೆ ಬೇಡ. ಗುರುವಾರ ಲೋಪಿನಿಗೆ ಹೇಳಿದೆ. "ಒಬ್ಬೊಬ್ಬರೂ ತಂತಮ್ಮ ಪಾಲು ಮಾತ್ರ ತೆಗೀಲಿ. ಒಂದು ಸಲ ಇಳಿಸ್ಕೊಂಡ್ರೆ ಫೋನಲ್ಲೇ ಇರುತ್ತೆ. ಪಾಳಿ ಮುಗಿಸಿ ಬಸ್ಸಲ್ಲಿ ಬರೋವಾಗ್ಲೂ ಕೇಳ್ಬಹುದು."

"ಹಂಗಾದ್ರೆ ಭಾನುವಾರ ಬಾಗಿಲು ಹಾಕಿದ್ದು ಮೇಷ್ಟ್ರಲ್ವಾ?"

"ಮೇಷ್ಟ್ರಲ್ಲ, ನಾನು. ಯಾರಿಗೂ ಹೇಳ್ಬೇಡ."

ಭಾನುವಾರ ನಾನೇ ನೋಡದೆ ಮಾತು ಕೊಡುವುದಿಲ್ಲ ಎಂದು ತೀರ್ಮಾನಿಸಿ ಪಾದ್ರಿ ಕಲಾಫಿಯ ಹತ್ತಿರ ಹೋದೆ.

"ಸ್ತೋತ್ರ ಕೇಳೋದು ಕೆಲಸಾನಾ, ಪಾದ್ರಿಗಳೇ?"

"ಅಲ್ಲಮ್ಮ."

"ಅದು ಎಷ್ಟು ಸೆಕೆಂಡಿಗೆ ತೆರೀತು ಅಂತ ನೋಡೋದು?"

ಅವರು ಗಡ್ಡ ಕೆರೆದುಕೊಂಡರು. "ನೋಡೋದು ಕೆಲಸ ಅಲ್ಲ. ಬರೆಯೋದು ಕೆಲಸ."

"ನೆನಪಿಟ್ಕೊಂಡು ಸೋಮವಾರ ಬರೀತೀನಿ."

"ಹೋಗೇ ತಾಯಿ. ನಿನ್ನ ಆ ಮಾವ ತಲೆಮೇಲೆ ಕೂರಿಸ್ಕೊಂಡು ಹಾಳು ಮಾಡಿದ್ದು."

ಭಾನುವಾರ ನೆಲದಲ್ಲಿ ಗುಂಡಿ ತೋಡಿ ಬೇಯಿಸಿದ ಅಡುಗೆ ಉಂಡು ಊರಿಗೆ ಊರೇ ಮಲಗಿತು. ಮಾವ ಮಾತ್ರ ಚಾಪೆಯ ಮೇಲೆ ಎದ್ದು ಕೂತಿದ್ದ. ಆಕ್ಲೆಂಡಿನಲ್ಲಿ ಎರಡು ಗಂಟೆ, ನಮ್ಮಲ್ಲಿ ಮೂರು ಆದಾಗ ನಾನು ಫೋನ್ ತೆಗೆದೆ. ನಾಲ್ಕು ಎಣಿಸುವಷ್ಟರಲ್ಲಿ ವೆಬ್‌ಸೈಟ್ ತೆರೆಯಿತು. ಕಾಲು ಗಂಟೆ ಬಿಟ್ಟು ನೋಡಿದೆ, ಅರ್ಧ ಗಂಟೆ ಬಿಟ್ಟು ನೋಡಿದೆ. ತೆರೆದೇ ಇತ್ತು.

"ತೆರ್ಕೊಂಡಿದೆ ಮಾವ!"

"ತೆರೆದ್ರೆ ಸಾಕೇನೇ? ಬಾಯಿ ತೆರೀಬೇಕಲ್ಲ ಆ ಕೋಣಗಳು" ಅಂದ. ಮುಖದಲ್ಲಿ ನಗು ಇರಲಿಲ್ಲ.

ಮೂರು ಮುಕ್ಕಾಲಿಗೆ ಫೋನು ಬಂತು. "ಒಂದ್ನಿಮಿಷ ಮೇಷ್ಟ್ರೇ" ಎಂದ ಲೋಪಿನಿ. ಯಾರೋ ಕೆಮ್ಮಿದರು, ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಇಪ್ಪತ್ತಮೂರು ದಪ್ಪ ದನಿಗಳು ಹಾಡಿನ ಅಂಕಿಗಳನ್ನು ಒಟ್ಟಿಗೆ ಹಾಡತೊಡಗಿದವು. ಮೂರು, ಮೂರು, ಐದು, ಏಳು. ಆ ಚಿಕ್ಕ ಫೋನು ನಡುಗುತ್ತಿತ್ತು. ಅವರಿಗೆ ಕಾಣುವುದಿಲ್ಲ ಎಂಬುದನ್ನು ಮರೆತು ಮಾವ ಕೈ ಎತ್ತಿದ.

ಎರಡನೇ ಸಾಲಿನಲ್ಲಿ ಅವನ ಹುಬ್ಬು ಗಂಟಾಯಿತು. "ನಿಲ್ಸಿ!"

ದನಿಗಳು ಒಂದೊಂದಾಗಿ ನಿಂತವು.

"ಏಳರ ಹತ್ರ ಯಾಕೆ ಓಡ್ತೀರಿ? ಬಸ್ಸು ಬಿಟ್ಟು ಹೋಗುತ್ತಾ? ಮೊದ್ಲಿಂದ ಹಾಡಿ."

ಅವರು ನಕ್ಕರು, ಮತ್ತೆ ಮೊದಲಿಂದ ಹಾಡಿದರು. ಈ ಸಲ ಏಳರ ಹತ್ತಿರ ಯಾರೂ ಓಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಒರೆಸಿಕೊಳ್ಳಲೂ ಇಲ್ಲ. ಕೊನೆಯ ಅಂಕಿ ಮುಗಿದ ಮೇಲೂ ಮಾವನ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು.

"ಮೇಷ್ಟ್ರೇ? ಇದ್ದೀರಾ?" ಲೋಪಿನಿ ಕೇಳಿದ.

ಮಾವ ಕೈ ಇಳಿಸಿದ. "ಟಿಕೆಟ್ ತೆಗೆಸ್ರೋ" ಅಂದ.